ಹರಿಹರದ ಹೊಳೆಗೆ ಬಂದ ಜುಬ್ಬ

ಮಹಾಲಯ ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಬೆಳಗಿನ ಗಾಡಿಗೆ ಹರಿಹರದಿಂದ ನನ್ನ ಸೋದರಮಾವ ದಾವಣಗೆರೆಯ ನಮ್ಮ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಅವನು ಕೇಳಿದ್ದು, "ಭಾವ ಮನ್ಯಾಗ ಅದಾರಾ?"

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, "ಅವರು ನಿಮ್ಮನಿಗೇ ಬಂದಾರಲ್ಲೋ. ಸೋಮವಾರನೇ ಹೊರಟ್ರಲ್ಲ," ಅಂದಳು.

ಅವ್ವ ಒಲೆಯ ಕಡೆ ತಿರುಗಿದ್ದಳು, ಹಾಗಾಗಿ ಮಾವನ ಮುಖ ನೋಡಿದವಳು ನಾನೊಬ್ಬಳೇ. ಒಂದು ಕಾಲು ಹೊಸ್ತಿಲ ಮೇಲೆ, ಒಂದು ಕಾಲು ಅಂಗಳದಲ್ಲಿ ಇಟ್ಟುಕೊಂಡು ಹಾಗೇ ನಿಂತುಬಿಟ್ಟ. ಆಮೇಲೆ ಕಣ್ಣಿನಲ್ಲೇ ನನ್ನನ್ನು ಹೊರಗೆ ಕರೆದ. ನಾನು ಎದ್ದು ಬಾಗಿಲು ದಾಟುವಷ್ಟರಲ್ಲಿ ಹಿಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ನಿಮ್ಮಪ್ಪ ನಮ್ಮನಿಗೆ ಬಂದಿಲ್ಲವ್ವ," ಅಂದ ಮಾವ. "ನಿನ್ನೆ ಹೊಳ್ಯಾಗ ಒಂದು ಜುಬ್ಬ ಸಿಕ್ಕೈತೆ. ಬಿಳೀದು. ಕೊರಳಿಗೆ ಬಿಳೀ ದಾರದ ಕಸೂತಿ ಐತೆ. ನಮ್ಮ ಕೂಸಿನ ತೊಟ್ಲಿಗೆ ಭಾವ ಹಾಕ್ಕೊಂಡು ಬಂದಿದ್ರಲ್ಲ, ಅದರಂಗೇ ಐತೆ. ಅದೇ ಅಂತ ನನಗ ಹೇಳಾಕ ಬರಲ್ಲ. ಹೊಲಿಗಿ ನಿಂದಾ ಅಲ್ಲಾ ಅಂತ ನೀನೇ ನೋಡಿ ಹೇಳಬೇಕು."

ನನಗಾಗ ಹದಿನೇಳು. ಆ ಮಾತು ಕೇಳಿದಾಗ ಏನೂ ಅನ್ನಿಸಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ನಿಜ. ಅಂಗಳದ ತುಳಸಿಗೆ ಬೆಳಿಗ್ಗೆ ನೀರು ಹಾಕಿರಲಿಲ್ಲ, ಅದನ್ನು ನೆನೆಸಿಕೊಂಡೆ. ಭಯ ಬಂದದ್ದು ಸ್ವಲ್ಪ ತಡವಾಗಿ. ಬಂದದ್ದು ನೂರಾರು ದಿನ ಹೋಗಲಿಲ್ಲ.

ಆ ಜುಬ್ಬದ ವಿಷಯ ಮೊದಲು ಹೇಳಬೇಕು.

ಅಪ್ಪನದು ಒಕ್ಕಲುತನದ ಮನೆ. ಆದರೆ ಊರಲ್ಲಿ ಪಕ್ಕದ ಮನೆಯವರು ನೇಕಾರರು. ಅಪ್ಪ ಹುಡುಗನಾಗಿದ್ದಾಗ ಹೊಲಕ್ಕಿಂತ ಹೆಚ್ಚು ಅವರ ಮಗ್ಗದ ಮುಂದೆ ಕೂತು ಬೆಳೆದವನಂತೆ. ಆ ಗುಂಗಿನಲ್ಲೇ ದಾವಣಗೆರೆಗೆ ಬಂದು ಹತ್ತಿ ಗಿರಣಿ ಸೇರಿದ. ನೇಯುವ ಖಾತೆಯಲ್ಲಿ ಜಾಬರ್ ಆದ. ಮಗ್ಗ ಕೆಟ್ಟರೆ ರಿಪೇರಿ ಮಾಡಿ ಮತ್ತೆ ಓಡುವಂತೆ ಮಾಡುವ ಕೆಲಸ. ಗಿರಣಿಯ ಬಟ್ಟೆಯನ್ನು ಅವನು ಬಟ್ಟೆ ಅಂತಲೇ ಕರೆಯುತ್ತಿರಲಿಲ್ಲ, "ಮಾಲು" ಅನ್ನುತ್ತಿದ್ದ. ನಮ್ಮ ಹಿತ್ತಿಲ ತಗಡಿನ ಕೊಟ್ಟಿಗೆಯಲ್ಲಿ ನೆಲಕ್ಕೆ ಗುಂಡಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ನೇಯುವಂಥ ಒಂದು ಕೈಮಗ್ಗ ಹಾಕಿಕೊಂಡಿದ್ದ. ಭಾನುವಾರ ಅದರ ಮುಂದೆ ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕು.

ಒಂದು ಬೇಸಿಗೆಯಲ್ಲಿ ಅಪ್ಪ ತನಗಾಗಿಯೇ ಎಂದು ಬಿಳಿ ಬಟ್ಟೆ ನೇಯ್ದ. ಸಣ್ಣ ನೂಲಿನ ನಡುವೆ ಅಲ್ಲಲ್ಲಿ ಸ್ವಲ್ಪ ದಪ್ಪ ನೂಲು ಬಿಟ್ಟು, ಕಂಡೂ ಕಾಣದ ಹಾಗೆ ಗೀಟು ತಂದಿದ್ದ. ಎದುರಿಗೆ ಹಿಡಿದರೆ ಬರಿ ಬಿಳಿ. ಕಿಟಕಿಯ ಹತ್ತಿರ ಓರೆಯಾಗಿ ಹಿಡಿದರೆ ಗೀಟುಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಅದರಲ್ಲೇ ಜುಬ್ಬ ಹೊಲಿಸಿ, ಕಸೂತಿ ಹಾಕು ಎಂದು ನನ್ನ ಕೈಗೆ ಕೊಟ್ಟ.

ಕಸೂತಿ ನನಗೆ ಅವ್ವನಿಂದ ಬಂದದ್ದು. ಅವಳು ಹೊಳೆಯಾಚೆಯ ರಾಣೆಬೆನ್ನೂರು ಕಡೆಯವಳು. ಅವರ ಕಡೆ ಹೆಣ್ಣುಮಕ್ಕಳು ಸೀರೆಯ ಸೆರಗಿಗೆ ಎಳೆ ಎಣಿಸಿ ಬಣ್ಣದ ದಾರದಲ್ಲಿ ಗೋಪುರ, ನವಿಲು ಹಾಕುತ್ತಾರೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ, ಹಿಂದೆ ಗಂಟು ಇರುವಂತಿಲ್ಲ, ಒಳಗೂ ಹೊರಗೂ ಒಂದೇ ಥರ ಕಾಣಬೇಕು. ನಾನು ಯಾವ ಬಣ್ಣ ಹಾಕಲಿ ಎಂದು ಕೇಳಿದೆ.

"ಬಣ್ಣ ಬ್ಯಾಡ," ಅಂದ ಅಪ್ಪ. "ಬಿಳೀ ಮ್ಯಾಲೆ ಬಿಳೀನೇ ಹಾಕು. ಹತ್ರ ಬಂದು ಕುಂತು ಮಾತಾಡೋರಿಗೆ ಮಾತ್ರ ಕಾಣಬೇಕು."

ಕೊರಳ ಸುತ್ತ, ಎದೆಪಟ್ಟಿಯ ಎರಡೂ ಕಡೆ, ತೋಳಿನ ಅಂಚಿಗೆ ಜೋಳದ ತೆನೆ ಹಾಕಿದೆ. ನಾಲ್ಕು ತಿಂಗಳು ಹಿಡಿಯಿತು. ಬಿಳಿ ಎಳೆಯ ಮೇಲೆ ಬಿಳಿ ಎಳೆ ಎಣಿಸುವುದು ಕಣ್ಣಿಗೆ ಎಂಥ ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಎಡಪಟ್ಟಿಯ ನಾಲ್ಕನೆಯ ತೆನೆಯಲ್ಲಿ ಒಂದು ಎಳೆ ಎಣಿಕೆ ತಪ್ಪಿತು. ಬಿಚ್ಚಿದರೆ ಬಟ್ಟೆ ಕೆಡುತ್ತದೆಂದು ಹಾಗೇ ಬಿಟ್ಟೆ. ಅಪ್ಪ ಜುಬ್ಬ ತೊಟ್ಟ ಮೊದಲ ದಿನವೇ ಅದರ ಮೇಲೆ ಬೆರಳಿಟ್ಟು, "ಇದೊಂದು ಗಾಳಿಗೆ ಬಾಗೈತೆ. ಇರಲಿ ಬಿಡು," ಅಂದಿದ್ದ.

ಅದಾದ ಮೂರನೆಯ ತಿಂಗಳು ಗಿರಣಿಯಲ್ಲಿ ಆ ಅನಾಹುತ ಆಯಿತು. ಅಪ್ಪ ರಿಪೇರಿ ಮಾಡಿ ಓಡಿಸಿದ ಮಗ್ಗದಿಂದ ಅರ್ಧ ಗಂಟೆಯಲ್ಲೇ, ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಸಿಡಿದು ಹಾರಿ, ಪಕ್ಕದ ಮಗ್ಗದ ಕೆಲಸಗಾರನ ಕಣ್ಣಿಗೆ ಬಡಿಯಿತು. ಕಣ್ಣು ಹೋಯಿತು. ಲಾಳಿ ಹಾರುವುದು ಹೊಸತಲ್ಲ, ಯಾರ ಕೈಯಲ್ಲೂ ಇಲ್ಲದ್ದು, ಎಂದು ಎಲ್ಲರೂ ಹೇಳಿದರು. ಯಾರೂ ಅಪ್ಪನ ಮೇಲೆ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ಜಗಳವಾಡಿಯಾದರೂ ಅವನು ಹಗುರಾಗುತ್ತಿದ್ದನೇನೋ.

ಅಪ್ಪ ತನ್ನ ಕೈಗಳಿಗೇ ಹೆದರತೊಡಗಿದ. ಮೊದಲು ಹಿತ್ತಿಲ ಮಗ್ಗ ನಿಂತಿತು. ಆಮೇಲೆ ತರಕಾರಿ ಹೆಚ್ಚುವ ಈಳಿಗೆಮಣೆ ಕಂಡರೆ ಬೇರೆ ಕೋಣೆಗೆ ಹೋಗುತ್ತಿದ್ದ. ನಾನು ಕಸೂತಿಗೆ ಕೂತರೆ ಎದುರಿಗೆ ಬಂದು ನಿಂತು, "ಸೂಜಿ ಕಣ್ಣಿಗೆ ಹತ್ರ ಹಿಡೀಬ್ಯಾಡವ್ವ," ಅನ್ನುತ್ತಿದ್ದ. ಒಂದು ಸಲ ಅಲ್ಲ, ಹತ್ತು ಸಲ. ಕೊನೆಗೆ ನಾನು ಅವನ ಮುಂದೆ ಸೂಜಿ ಹಿಡಿಯುವುದನ್ನೇ ಬಿಟ್ಟೆ. ಊಟದ ಹೊತ್ತಿಗೆ ತುತ್ತು ಕೈಯಲ್ಲಿ ಹಿಡಿದು, ಎಲ್ಲೋ ಮಗ್ಗದ ಸದ್ದು ಕೇಳುತ್ತಿದೆ ಎನ್ನುವಂತೆ ತಲೆ ವಾರೆ ಮಾಡಿ ಕೂತಿರುತ್ತಿದ್ದ. ಕೇಳಿದರೆ ಏನಿಲ್ಲ ಅನ್ನುತ್ತಿದ್ದ. ಅವ್ವ ದೇವರು, ದಿಂಡರು, ಅಂತ್ರ ಎಂದು ಬಾಯಿ ತೆಗೆದರೆ ಸಿಟ್ಟಿಗೇಳುತ್ತಿದ್ದ. ಅಂಥದ್ದನ್ನೆಲ್ಲ ಅವನು ಮೊದಲಿನಿಂದ ನಂಬಿದವನಲ್ಲ.

ಹಾಗಿದ್ದವನು ಆ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಆ ಜುಬ್ಬ ತೊಟ್ಟು, "ಹರಿಹರಕ್ಕೆ ಹೋಗಿ ನಾಕು ದಿನ ಇದ್ದು ಬರ್ತೀನಿ. ಗಿರಣಿಗೆ ರಜಾ ಹೇಳೀನಿ," ಅಂದಾಗ ನಾವಿಬ್ಬರೂ ಸಂತೋಷಪಟ್ಟೆವು. ಅವ್ವ ಬುತ್ತಿ ಕಟ್ಟಿ ಕೊಟ್ಟಳು. ನಾನು ಬಾಗಿಲವರೆಗೂ ಹೋಗಲಿಲ್ಲ. ಒಳಗೇ ಏನೋ ಕೆಲಸದಲ್ಲಿದ್ದೆ.

ಮಾವ ಬಂದ ಆ ಬೆಳಿಗ್ಗೆ ಅವ್ವ ಅಳಲಿಲ್ಲ. ಎಲ್ಲ ಕೇಳಿಸಿಕೊಂಡು, ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಕೂತಳು. "ನಾ ಬರಲ್ಲ," ಅಂದಳು. "ನಾ ಬಂದ್ರೆ ಅದು ಅವರದೇ ಆಗ್ತೈತೆ. ನೀ ಹೋಗಿ ನೋಡು." ನನಗೆ ಅವಳ ಮಾತು ಪೂರ್ತಿ ಅರ್ಥವಾಯಿತು. ಪಕ್ಕದ ಮನೆಯವರನ್ನು ಅವಳ ಜೊತೆ ಕೂರಿಸಿ ನಾವು ಸ್ಟೇಷನ್ನಿಗೆ ನಡೆದೆವು.

ದಾವಣಗೆರೆಯಿಂದ ಹರಿಹರಕ್ಕೆ ರೈಲಿನಲ್ಲಿ ಎಷ್ಟು ಹೊತ್ತು ಮಹಾ. ಆ ದಿನ ಅದು ಮುಗಿಯಲೇ ಇಲ್ಲ. ಎದುರಿಗೆ ಕೂತ ಗಂಡಸರ ಅಂಗಿಗಳನ್ನೇ ನೋಡುತ್ತಿದ್ದೆ. ಒಬ್ಬನ ಜುಬ್ಬದ ಕೊರಳು ಸವೆದಿತ್ತು, ಇನ್ನೊಬ್ಬನದಕ್ಕೆ ಗುಂಡಿ ಇರಲಿಲ್ಲ. ಬಿಳಿ ಕಸೂತಿಯ ಜುಬ್ಬ ಜಗತ್ತಿನಲ್ಲಿ ಒಂದೇ ಇರುತ್ತದೇನು, ಎಷ್ಟೋ ಹೆಣ್ಣುಮಕ್ಕಳು ಹಾಕುತ್ತಾರೆ, ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಬಾಗಿದ ತೆನೆಯ ನೆನಪಾಯಿತು. ಆ ಒಂದು ತಪ್ಪು ಮಾಡದೇ ಇದ್ದಿದ್ದರೆ ನನಗೂ ಗುರುತು ಹಿಡಿಯಲು ಆಗುತ್ತಿರಲಿಲ್ಲ ಅನ್ನಿಸಿತು. ಹೊಳೆಯ ಗಾಳಿ ಕಿಟಕಿಗೆ ಬಂದಾಗ ಕಣ್ಣು ಮುಚ್ಚಿಕೊಂಡೆ.

ಪೊಲೀಸ್ ಚೌಕಿ ಒಂದು ಹಳೆಯ ಹೆಂಚಿನ ಮನೆ. ಜಗುಲಿಯ ಮೇಲೆ ಅಗಸರ ಮುದುಕಿಯೊಬ್ಬಳು ಕಂಬಕ್ಕೆ ಒರಗಿ ಕೂತಿದ್ದಳು. ಹೊಳೆಯ ಮೆಟ್ಟಿಲ ಹತ್ತಿರ ಜುಬ್ಬ ಸಿಕ್ಕದ್ದು ಅವಳಿಗೆ. ಇಷ್ಟು ಚಲೋ ಅಂಗಿ ಯಾರದು ಎಂದು ಯಾರೋ ಕೇಳಿ, ಮಾತು ಬೆಳೆದು, ಅದು ಚೌಕಿಗೆ ಬಂದಿತ್ತು; ಸುದ್ದಿ ಕೇಳಿ ಮಾವನೂ ನೋಡಿಹೋಗಿದ್ದ. ಒಳಗೆ ಮೇಜಿನ ಹಿಂದೆ ದಫೇದಾರರಿದ್ದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು. "ಕೂಡ್ರಿ," ಅಂದು ಮೂಲೆಯ ಬೆಂಚು ತೋರಿಸಿದರು.

ನಾನು ಕೂರಲಿಲ್ಲ. ಮೇಜಿನ ಮೇಲೆ ಹರಡಿದ್ದ ಜುಬ್ಬ ನನಗೆ ಬಾಗಿಲಿಂದಲೇ ಕಂಡಿತ್ತು.

ಮಳೆ ಮುಗಿಯುವ ಕಾಲ, ಹೊಳೆ ಇನ್ನೂ ಕೆಂಪಗಿತ್ತು. ಆ ನೀರಿನ ಕೆಸರು ನನ್ನ ದಾರದ ಎಳೆಎಳೆಗೂ ಇಳಿದು, ಹತ್ತಿರ ಕೂತು ಮಾತಾಡುವವರಿಗೆ ಮಾತ್ರ ಕಾಣಬೇಕಿದ್ದ ತೆನೆಗಳು ಕಂದು ಬಣ್ಣದಲ್ಲಿ ಸಾಲಾಗಿ ಎದ್ದು ನಿಂತಿದ್ದವು. ಇಡೀ ಚೌಕಿಗೆ ಕಾಣುತ್ತಿದ್ದವು. ಎಡಪಟ್ಟಿ ಮೇಲೆ ಬಂದಿತ್ತು. ಒಂದು, ಎರಡು, ಮೂರು ಎಂದು ಎಣಿಸಲಿಲ್ಲ. ಕಣ್ಣು ನೇರ ನಾಲ್ಕನೆಯದಕ್ಕೇ ಹೋಯಿತು.

"ನೋಡಮ್ಮ, ನಿಧಾನಕ್ಕೆ ನೋಡು," ಅಂದರು ದಫೇದಾರರು. "ಇದು ನಿನ್ನ ಹೊಲಿಗೇನಾ?"

"ಅಲ್ಲ," ಅಂದೆ.

ನಾನೇ ಅಂದೆನೋ, ಬೇರೆ ಯಾರೋ ಅಂದರೋ. ಇದು ಅಪ್ಪನ ಜುಬ್ಬ ಅಲ್ಲದಿದ್ದರೆ ಅಪ್ಪ ಸತ್ತಿಲ್ಲ ಎಂಬುದಷ್ಟೇ ನನಗಾಗ ಹೊಳೆದದ್ದು. ಅವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಅಲ್ಲ ಅಂದೆ. ಈ ಸಲ ಧ್ವನಿ ಗಟ್ಟಿಯಾಗಿತ್ತು. ಮಾವ ನನ್ನ ಮುಖವನ್ನೇ ನೋಡುತ್ತಿದ್ದ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ದಫೇದಾರರು ನಿಟ್ಟುಸಿರು ಬಿಟ್ಟು ಬಾಗಿಲ ಕಡೆ ತಿರುಗಿದರು. "ಹಂಗಾದ್ರೆ ಇದು ಎಲ್ಲಿಂದ ಬಂತಜ್ಜಿ? ಖರೇ ಹೇಳು. ಯಾರ ಮನಿ ಒಗೆಯೋ ಗಂಟಿನ್ಯಾಗಿಂದು? ಒಗೆಯಾಕ ಕೊಟ್ಟೋರ ಮನಿಗೆಲ್ಲ ಒಂದು ಸಲ ಕೇಳಬೇಕಾಗ್ತೈತೆ."

"ಹೊಳ್ಯಾಗ ಸಿಕ್ಕಿದ್ದು ಅಂತ ಹೇಳೀನಲ್ರಿ," ಅಂದಳು ಮುದುಕಿ.

ನಾನು ಹೊರಗೆ ಬಂದುಬಿಟ್ಟೆ. ಜಗುಲಿಯ ಮೆಟ್ಟಿಲ ಮೇಲೆ ಕೂತೆ. ನನ್ನ ಒಂದು ಮಾತಿನಿಂದ ಅಪ್ಪ ಬದುಕಿದ, ಆದರೆ ಈ ಮುದುಕಿ ಕಳ್ಳಿಯಾದಳು. ಎರಡನ್ನೂ ಒಟ್ಟಿಗೆ ಯೋಚಿಸಲು ನನಗೆ ಆಗಲಿಲ್ಲ. ಮಾವ ಕುಡಿಯುವ ನೀರು ತರುತ್ತೇನೆಂದು ರಸ್ತೆಯಾಚೆ ಹೋದ.

ಮುದುಕಿ ಕಂಬದ ಹತ್ತಿರದಿಂದ ಸರಿದು ನನ್ನ ಪಕ್ಕಕ್ಕೆ ಬಂದಳು.

"ಅದು ನಿಂದೇ ಐತಲ್ಲವ್ವ."

ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ.

"ಅಂಗಿ ನೋಡೋ ಮುಂದ ಎಲ್ಲಾರೂ ಕೊರಳು ನೋಡ್ತಾರ. ನೀ ಒಂದೇ ಕಡೆ ನೋಡಿದಿ. ಯಾರ್ದು? ಅಪ್ಪಂದಾ, ಅಣ್ಣಂದಾ?"

"ಅಪ್ಪಂದು," ಅಂದೆ. ಅಂದ ಕೂಡಲೇ ಅಳು ಬಂತು. ಬೆಳಿಗ್ಗೆಯಿಂದ ಬಂದಿರಲಿಲ್ಲ.

ಅವಳು ಅಳಬೇಡ ಎನ್ನಲಿಲ್ಲ. "ಇಲ್ಲಿ ಕೇಳು," ಅಂದಳು. "ನಾ ಈ ಹೊಳ್ಯಾಗ ಐವತ್ತು ವರ್ಷದಿಂದ ಬಟ್ಟಿ ಒಗದೀನಿ. ಮುಳುಗಿದೋರ ಅಂಗಿ ಮೈಮ್ಯಾಲೆ ಇರ್ತೈತೆ, ಒಂದೇ ಬರಲ್ಲ. ಇದರ ಗುಂಡಿ ಅಷ್ಟೂ ಬಿಚ್ಚಿತ್ತು. ಜತಿಗೆ ಒಂದು ಹಸಿರು ಸೀರಿ, ಒಂದು ಸಣ್ಣ ಹುಡುಗಿ ಲಂಗ. ಮೂರೂ ಒಂದಕ್ಕೊಂದು ಸುತ್ತಿಕೊಂಡು ಒಂದೇ ಉಂಡಿ ಆಗಿ ಬಂದಾವ. ಅಮಾಸಿ ಮರುದಿನ ಇಂಥಾವು ಬರ್ತಾವ. ಎಲ್ಲಿಂದ ಅಂತ ತಿಳೀತಾ?"

ತಿಳಿಯಲಿಲ್ಲ.

"ಮ್ಯಾಲೆ ಉಕ್ಕಡಗಾತ್ರಿ ಐತಲ್ಲ, ಅಲ್ಲಿಂದ. ಮನಸ್ಸು ಕೆಟ್ಟೋರು, ಅಂಜಿಕಿ ಹಿಡದೋರು ಅಲ್ಲಿ ಅಜ್ಜಯ್ಯನ ಗದ್ದಿಗಿಗೆ ಬರ್ತಾರ. ಹೊಳ್ಯಾಗ ಮುಳುಗೆದ್ದು ಉಟ್ಟಬಟ್ಟಿ ಅಲ್ಲೇ ಬಿಟ್ಟು ಹೋಗ್ತಾರ. ಬರೋವೆಲ್ಲ ಹಳೇವು, ಹರಕು. ಇಂಥಾ ಚಲೋದು ನಾ ಕಂಡಿದ್ದು ಇದೇ ಮೊದಲು. ಅದಕ್ಕ ಎತ್ತಿ ಒಣಗಹಾಕಿದೆ, ಅದೇ ತಪ್ಪಾತು."

"ಇದನ್ನ ಒಳಗ ಯಾಕ ಹೇಳಲಿಲ್ಲ?"

"ಸೀರಿ, ಲಂಗ ನೀರಿಗೆ ವಾಪಸ್ ಬಿಟ್ಟೆ. ಅವನ್ನ ಮುಟ್ಟಬಾರ್ದು ಅಂತಾರ. ಈಗ ಹೇಳಿದ್ರ ಯಾರು ನಂಬ್ತಾರ? ಅದೂ ಅಲ್ದ, ಅಂಗಿ ಯಾರ್ದು ಅಂತ ಗೊತ್ತಿಲ್ದ ಅವರು ಬದುಕಿರಬಹುದು ಅಂತ ಹೆಂಗ ಹೇಳ್ಲಿ. ನಿಮ್ಮಪ್ಪಗ ಏನಾರ ಅಂಜಿಕಿ ಇತ್ತೇನು?"

ಲಾಳಿ, ಕಣ್ಣು, ಸೂಜಿ, ಎಲ್ಲವನ್ನೂ ಅವಳಿಗೆ ಹೇಳಿದೆ. ಮನೆಯಲ್ಲಿ ನಾವು ಮೂವರೂ ಒಬ್ಬರಿಗೊಬ್ಬರು ಆಡದ ಮಾತನ್ನು ಗುರುತಿಲ್ಲದ ಮುದುಕಿಯ ಮುಂದೆ ಆಡಿದೆ. ಅವಳು ತಲೆ ಆಡಿಸುತ್ತ ಕೇಳಿದಳು. ಆದರೂ ಅವಳ ಮಾತಿನಿಂದ ನನಗೆ ಪೂರ್ತಿ ಧೈರ್ಯ ಬರಲಿಲ್ಲ. ಅಪ್ಪ ಅಂಥ ಜಾಗಕ್ಕೆ ಹೋಗುವವನೇ ಅಲ್ಲ. ಜುಬ್ಬ ಕಳಚಿ ದಡದ ಮೇಲಿಟ್ಟು ನೀರಿಗೆ ಇಳಿದವರೂ ಇರುತ್ತಾರಲ್ಲ.

ಮಾವ ತಂಬಿಗೆ ಹಿಡಿದು ಬರುವುದು ಕಂಡಿತು. ನಾನು ಎದ್ದು ಒಳಗೆ ಹೋದೆ. ಸುಳ್ಳು ಹೇಳಿದ್ದಕ್ಕೆ ನನ್ನನ್ನು ಕೂಡಿಹಾಕುತ್ತಾರೆ ಎಂದೇ ತಿಳಿದಿದ್ದೆ.

"ಅದು ನಂದೇ ಹೊಲಿಗಿ," ಅಂದೆ. "ಆಗ ಸುಳ್ಳು ಹೇಳಿದೆ."

ದಫೇದಾರರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮಾವ ಹಿಂದೆ ಬಂದು ನಿಂತಿದ್ದ. "ನನಗ ಗೊತ್ತಿತ್ತು," ಅಂದ ಅವನು, ಬಹಳ ಸಣ್ಣ ಧ್ವನಿಯಲ್ಲಿ.

ಉಕ್ಕಡಗಾತ್ರಿಯ ಮಾತನ್ನೂ ಹೇಳಿದೆ. ದಫೇದಾರರು ಮುದುಕಿಯನ್ನು ಒಳಗೆ ಕರೆದು ಕೇಳಿ, ಬರೆದುಕೊಂಡು, ಮನೆಗೆ ಹೋಗಲು ಹೇಳಿದರು. ನನ್ನನ್ನು ಬೈಯಲಿಲ್ಲ. "ನಾನೂ ಒಬ್ಬ ಮಗಳ ತಂದೆ," ಅಂದರು. ಮನುಷ್ಯ ಸಿಕ್ಕ ಮೇಲೆ ಬಂದು ಜುಬ್ಬ ತೆಗೆದುಕೊಂಡು ಹೋಗಬೇಕೆಂದೂ, ಇವತ್ತು ಹೊರಟರೆ ಕತ್ತಲಾಗುತ್ತದೆ, ಬೆಳಿಗ್ಗೆ ಹೋಗಿರೆಂದೂ ಮಾವನಿಗೆ ಹೇಳಿದರು. ಜತೆಗೆ ಅಂಬಿಗರಿಗೂ ಹೊಳೆಯ ದಂಡೆ ನೋಡಲು ಹೇಳಿ ಕಳಿಸಿದರು. ಅದನ್ನು ನನಗೆ ಕೇಳಿಸದ ಹಾಗೆ ಹೇಳಿದರು. ಕೇಳಿಸಿತು.

ಮರುದಿನ ಬೆಳಿಗ್ಗೆ ಬಸ್ಸು ಇಳಿದು, ಜೋಳದ ಹೊಲಗಳ ನಡುವಿನ ದಾರಿಯಲ್ಲಿ ಹೊಳೆಯ ಕಡೆ ನಡೆದೆವು. ದಾರಿಯಲ್ಲಿ ಮಾವ ಒಂದೇ ಮಾತು ಆಡಿದ. "ಇರಲಿಲ್ಲ ಅಂದ್ರ ನೀ ಅಲ್ಲಿ ಅಳಬಾರ್ದು. ನಿಮ್ಮವ್ವನ ಹತ್ರ ಹೋದ ಮ್ಯಾಲೆ ಅಳೋಣು." ನಾನು ಹೂಂ ಅಂದೆ.

ಅಮಾವಾಸ್ಯೆಯ ಜನ ಬಹುಪಾಲು ಹೋಗಿಯಾಗಿತ್ತು. ಉಳಿದವರು ಗುಡಿಯ ಸುತ್ತ ಅಲ್ಲಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತಿದ್ದರು. ಕೂದಲು ಬಿಟ್ಟುಕೊಂಡ ಹೆಂಗಸೊಬ್ಬಳು ಗೋಡೆಗೆ ಮುಖ ಮಾಡಿ ಕೂತು ಮೈ ತೂಗುತ್ತಿದ್ದಳು. ಅವಳ ಗಂಡ ಪಕ್ಕದಲ್ಲಿ ಕೂತು ಸುಮ್ಮನೆ ಅವಳ ಸೆರಗು ಹಿಡಿದುಕೊಂಡಿದ್ದ. ನನಗೆ ಅಲ್ಲಿ ನಿಲ್ಲಲು ಭಯವಾಯಿತು. ಹೊಳೆಯ ದಂಡೆಯಲ್ಲಿ ಬಿಟ್ಟ ಬಟ್ಟೆಗಳು ಕಲ್ಲಿಗೆ, ಮುಳ್ಳಿಗೆ ಸಿಕ್ಕಿ ಬಿದ್ದಿದ್ದವು. ಅವುಗಳಲ್ಲಿ ಬಿಳಿ ಪಂಚೆಯೊಂದು ಕಂಡಿತು. ಅಪ್ಪ ಸೋಮವಾರ ಉಟ್ಟಿದ್ದೂ ಬಿಳಿ ಪಂಚೆಯೇ. ಆದರೆ ಪಂಚೆ ಎಲ್ಲರದೂ ಬಿಳಿಯೇ.

ಮಾವ ನನ್ನ ಭುಜ ಮುಟ್ಟಿದ. ಬೇವಿನ ಮರದ ಕಟ್ಟೆಯ ಮೇಲೆ ಒಬ್ಬರು ಒರಟು ಪಂಚೆ ಉಟ್ಟು, ಟವೆಲ್ಲು ಹೊದ್ದು, ನಮಗೆ ಬೆನ್ನು ಮಾಡಿ ಕೂತಿದ್ದರು. ತಲೆ ಬೋಳಿಸಿತ್ತು. ಆ ಬೆನ್ನು ನನಗೆ ಗೊತ್ತಿತ್ತು. ಮಗ್ಗದ ಮುಂದೆ ಕೂತಾಗ ಎಡಕ್ಕೆ ಸ್ವಲ್ಪ ವಾಲುವ ಬೆನ್ನು.

ನಾನು ಓಡಲಿಲ್ಲ. ಅಪ್ಪ ತಿರುಗಿ ನೋಡಿದವನು ಧಡಕ್ಕನೆ ಎದ್ದು ನಿಂತ. ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ.

"ನಿಮ್ಮವ್ವನೂ ಬಂದಾಳೇನು?" ಅಂದ.

"ಇಲ್ಲ."

"ನಿನ್ನ ಜುಬ್ಬ..." ಅಂದು ಹೊಳೆಯ ಕಡೆ ನೋಡಿದ. "ಉಟ್ಟಿದ್ದನ್ನೇ ಬಿಡಬೇಕು ಅಂದ್ರವ್ವ. ಬಿಟ್ಟೆ."

"ಹರಿಹರದಾಗ ಸಿಕ್ತು," ಅಂದೆ. ಅಷ್ಟು ಹೇಳಿದ್ದೇ ಅವನಿಗೆ ಎಲ್ಲ ತಿಳಿಯಿತು. ಅದು ಯಾರ ಕೈಗೆ ಸಿಕ್ಕಿರಬೇಕು, ಯಾರು ಗುರುತು ಹಿಡಿದಿರಬೇಕು, ನಾವು ಏನೆಂದುಕೊಂಡಿರಬೇಕು. ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ, ಮಾವ ದೂರ ಹೋಗಿ ನಿಂತ ಮೇಲೆ, ಅಪ್ಪ ನನಗೆ ಒಂದು ಮಾತು ಹೇಳಿದ. ಅದನ್ನು ಅವ್ವನಿಗೆ ಹೇಳಬೇಡ ಅಂದಿದ್ದ. ಅವಳು ಇರುವ ತನಕ ನಾನು ಹೇಳಲಿಲ್ಲ. ಸೋಮವಾರ ಅವನು ಹೊರಟದ್ದು ಉಕ್ಕಡಗಾತ್ರಿಗೆ ಅಂತಲೇ. ಯಾರಿಗೂ ಹೇಳಲು ನಾಚಿಕೆಯಾಗಿ ಹರಿಹರ ಅಂದಿದ್ದ. ಆದರೆ ಮಂಗಳವಾರ ಬೆಳಿಗ್ಗೆ ನೀರಿನ ಅಂಚಿಗೆ ಬಂದಾಗ ಮನಸ್ಸು ಬೇರೆಯಾಯಿತು.

"ಹೊಳಿ ನೋಡ್ದಾಗ ನನಗ ನನ್ನ ಮ್ಯಾಲೆ ನಂಬಿಗಿ ಹೋತವ್ವ," ಅಂದ. "ಇಳದು ಮುಂದಕ್ಕ ಹೋಗಿಬಿಡೋಣು ಅಂತ ಮೊಣಕಾಲುಮಟ ಇಳದೆ. ಬಾಜೂಕ ಒಬ್ಬ ಹೆಣ್ಣುಮಗಳು. ಹುಷಾರಿಲ್ಲದ ಮಗಳಿಗೆ ಮುಳುಗು ಹಾಕಸ್ತಿದ್ಲು. ಬಗಲಾಗ ಇನ್ನೊಂದು ಎಳೇ ಕೂಸು. 'ಅಣ್ಣಾರ, ಇದನ್ನ ಒಂದು ಚಣ ಹಿಡೀರಿ' ಅಂತ ನನ್ನ ಕೈಯಾಗ ಇಟ್ಲು. ನನ್ನ ಕೈಯಾಗ. ಕೇಳಲೂ ಇಲ್ಲ, ನೋಡಲೂ ಇಲ್ಲ."

"ಆಮ್ಯಾಲೆ?"

"ಹಿಡಕೊಂಡೆ. ಬೀಳಸ್ತೀನಿ ಬೀಳಸ್ತೀನಿ ಅಂತ ಅಂಜಿ ಅಲುಗಾಡದಂಗ ನಿಂತೆ. ಆಕಿ ಬಾಳ ಹೊತ್ತು ಮಾಡಿದ್ಲು. ಕೂಸು ಮಲಗಿಬಿಡ್ತು. ಅದನ್ನ ಆಕಿ ಕೈಗೆ ಕೊಟ್ಟ ಮ್ಯಾಲೆ ಮುಂದಕ್ಕ ಹೋಗಾಕ ಆಗಲಿಲ್ಲ. ಎಲ್ಲಾರಂಗ ಮೂರು ಮುಳುಗು ಹಾಕಿ, ಬಟ್ಟಿ ಬಿಟ್ಟು ಎದ್ದೆ. ಆಕಿ ಸೀರಿ, ಹುಡುಗಿ ಲಂಗ, ನನ್ನ ಜುಬ್ಬ ಒಟ್ಟಿಗೇ ಹೋದ್ವು."

ನಾನು ನನ್ನ ಕಥೆಯನ್ನೂ ಹೇಳಿದೆ. ಚೌಕಿಯಲ್ಲಿ ಅಲ್ಲ ಅಂದದ್ದನ್ನು ಹೇಳುವಾಗ ಅಪ್ಪನಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಅವನು ನನ್ನ ಬೆರಳುಗಳನ್ನು ತನ್ನ ಕೈಯಲ್ಲಿಟ್ಟುಕೊಂಡು, ಸೂಜಿ ಚುಚ್ಚಿ ಗಟ್ಟಿಯಾದ ತುದಿಗಳನ್ನು ಸವರಿದ. "ಬಾಗಿದ್ದು ಕಂಡಿತ್ತೇನು?" ಅಂತಷ್ಟೇ ಕೇಳಿದ.

ಅವನು ಅಲ್ಲಿ ಇನ್ನೂ ಒಂಬತ್ತು ದಿನ ಇರುತ್ತೇನೆ ಅಂದ. ಬಿಟ್ಟು ಬರಲು ನನಗೆ ಮನಸ್ಸಿರಲಿಲ್ಲ, ಹೊಳೆ ಅಷ್ಟು ಹತ್ತಿರ ಇತ್ತು. ಮಾವ ತಾನೇ ಉಳಿದ. ನಾನು ಯಾರದೋ ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ, ಒಬ್ಬಳೇ ದಾವಣಗೆರೆಗೆ ಬಂದೆ. ನನ್ನನ್ನು ದೂರದಿಂದ ಕಂಡ ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತು, "ಅಪ್ಪ ಅದಾನ, ಅಪ್ಪ ಅದಾನ" ಎಂದು ನಾಲ್ಕೈದು ಸಲ ಹೇಳಿದ ಮೇಲೆ ತೆಗೆದಳು.

ಜುಬ್ಬವನ್ನು ನಾವು ತರಲಿಲ್ಲ. ಬಿಟ್ಟ ಬಟ್ಟೆ ಮನೆಗೆ ಬಂದರೆ ಬಿಟ್ಟು ಬಂದದ್ದೂ ಹಿಂದೆ ಬರುತ್ತದೆ ಎಂದು ಅವ್ವ ಹಟ ಹಿಡಿದಳು. ನನಗೆ ಹೊಟ್ಟೆ ಉರಿಯಿತು. ಅಪ್ಪನ ಒಂದು ಬೇಸಿಗೆ, ನನ್ನ ನಾಲ್ಕು ತಿಂಗಳು ಅದರಲ್ಲಿತ್ತು. ಆದರೆ ವಾದ ಮಾಡುವಷ್ಟು ಧೈರ್ಯ ನನಗೂ ಇರಲಿಲ್ಲ. ಮಾವನಿಂದ ಹೇಳಿಸಿ ಅಗಸರ ಮುದುಕಿಗೇ ಕೊಡಿಸಿದೆವು. ಅವಳಿಗೆ ಅಂಥ ಅಂಜಿಕೆ ಇರಲಿಲ್ಲ. ಸವುಳು ಮಣ್ಣು ಹಚ್ಚಿ, ಬಿಸಿಲಿಗೆ ಹಾಕಿ, ಕೆಸರು ಪೂರ್ತಿ ತೆಗೆದಳಂತೆ. ಅವಳ ಮಗ ಹಬ್ಬಕ್ಕೆ ಅದನ್ನು ತೊಟ್ಟು ತಿರುಗಾಡುತ್ತಾನೆ ಎಂದು ಮಾವ ಬಂದಾಗೆಲ್ಲ ಹೇಳುತ್ತಿದ್ದ.

ಅಪ್ಪ ಮನೆಗೆ ಬಂದ. ಒಮ್ಮೆಲೇ ಸರಿಹೋದ ಎಂದರೆ ಸುಳ್ಳಾಗುತ್ತದೆ. ಗಿರಣಿಯ ಗೇಟಿನವರೆಗೆ ಎರಡು ಸಲ ಹೋಗಿ ವಾಪಸು ಬಂದ. ಕಣ್ಣು ಕಳೆದುಕೊಂಡ ಕೆಲಸಗಾರ ಒಂದು ಸಂಜೆ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದ. ಅಪ್ಪ ಹಿತ್ತಿಲಿಗೆ ಹೋಗಿ ಮಗ್ಗದ ಗುಂಡಿಯಲ್ಲಿ ಇಳಿದು ಕೂತು, ನಾನಿಲ್ಲ ಅಂತ ಹೇಳು ಅಂದ. ನಾನು ಬಂದು ಹಾಗೇ ಹೇಳಿದೆ. ಆ ಮನುಷ್ಯ ಉಳಿದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿ, "ಇರಲಿ ಬಿಡವ್ವ, ಮತ್ತ ಬರ್ತೀನಿ," ಅಂದು ಹಣ್ಣು ಕಟ್ಟೆಯ ಮೇಲಿಟ್ಟು ಹೋದ. ಇನ್ನೊಮ್ಮೆ ಬಂದ, ಆಗಲೂ ಅಪ್ಪ ಸಿಗಲಿಲ್ಲ. ಮೂರನೆಯ ಸಲ ಅವನು ನನ್ನನ್ನು ಕೇಳದೆ ನೇರ ಹಿತ್ತಿಲಿಗೇ ನಡೆದ. ನಾನು ತಡೆಯಲಿಲ್ಲ. ಕಿವಿ ಕೊಟ್ಟು ನಿಂತೆ. ಆಮೇಲೆ ಇಬ್ಬರೂ ಗಿರಣಿಯ ಯಾವುದೋ ಮಗ್ಗದ ವಿಷಯ ಮಾತಾಡುವುದು ಕೇಳಿಸಿತು. ಅವ್ವ ಚಹಾ ಮಾಡಿದಳು.

ಗಿರಣಿಗೆ ಅಪ್ಪ ಮತ್ತೆ ಹೋಗಲಿಲ್ಲ. ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆ ಹಿಡಿದು ಯಾವ ಊರಿನ ನೇಯ್ಗೆ ಎಂದು ಹೇಳುತ್ತಿದ್ದ. ಕತ್ತರಿ ಹಿಡಿಯುವ ಕೆಲಸ ಬೇರೆಯವರದು. ಹಿತ್ತಿಲ ಮಗ್ಗದಲ್ಲಿ ಒಂದೆರಡು ಟವೆಲ್ಲು ನೇಯ್ದ. ಅಂಥ ಗೀಟಿನ ಬಟ್ಟೆ ಮತ್ತೆ ನೇಯಲಿಲ್ಲ, ನಾನೂ ಕೇಳಲಿಲ್ಲ.

ನಾನು ಕಸೂತಿ ಬಿಡಲಿಲ್ಲ. ಆದರೆ ಗಂಡಸರ ಜುಬ್ಬಕ್ಕೆ ಸೂಜಿ ಹಾಕಲು ಎಷ್ಟೋ ವರ್ಷ ಕೈ ಬರಲಿಲ್ಲ. ಮದುವೆಯಾದ ಮೇಲೆ, ಮನೆಅಳಿಯನಾಗಿ ನಮ್ಮಲ್ಲೇ ಉಳಿದ ಗಂಡ ಒಂದು ಬಿಳಿ ಜುಬ್ಬ ತಂದು, ನಿಮ್ಮಪ್ಪನಿಗೆ ಹಾಕಿದಂಥದ್ದೇ ನನಗೂ ಹಾಕಿಕೊಡು ಎಂದು ಕೇಳಿದಾಗ ನಾನು ಸಿಟ್ಟು ಮಾಡಿಕೊಂಡು ಒಳಗೆ ಹೋದೆ. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ಆಮೇಲೆ ಹೇಳಿದೆ.

ಅಪ್ಪ ಉಕ್ಕಡಗಾತ್ರಿಯಿಂದ ಬಂದ ಹೊಸತರಲ್ಲಿ ಅವ್ವ ಅವನ ಜೊತೆ ಎಂಟು ದಿನ ಮಾತು ಬಿಟ್ಟಿದ್ದಳು. ಊಟ ಬಡಿಸುವುದು, ಸ್ನಾನಕ್ಕೆ ನೀರು ಇಡುವುದು ಎಲ್ಲ ಮಾಡುತ್ತಿದ್ದಳು, ಮಾತು ಮಾತ್ರ ಇಲ್ಲ. ಒಂಬತ್ತನೆಯ ದಿನ ಅಪ್ಪ ಚಪ್ಪಲಿ ಮೆಟ್ಟಿ ಹೊರಡುವಾಗ ಬಾಗಿಲಿಗೆ ಅಡ್ಡ ನಿಂತು, "ಎಲ್ಲಿಗೆ?" ಅಂದಳು. "ಮಂಡಿಪೇಟಿಗೆ, ಕೆಲಸ ಕೇಳಾಕ," ಅಂದ. "ಖರೇನಾ?" "ಖರೇ."

ಅಂದಿನಿಂದ ಅಪ್ಪ ಮನೆ ಬಿಡುವಾಗ ಎಲ್ಲಿಗೆ ಹೋಗುತ್ತೇನೆಂದು ಎರಡು ಸಲ ಹೇಳುತ್ತಿದ್ದ. ಒಮ್ಮೆ ಅವ್ವನಿಗೆ ಅಡಿಗೆಮನೆಯ ಬಾಗಿಲಲ್ಲಿ, ಒಮ್ಮೆ ನನಗೆ ಅಂಗಳದಲ್ಲಿ. ತಾನು ಇರುವ ತನಕ, ಹದಿನಾಲ್ಕು ವರ್ಷ, ಹಾಗೆ ಹೇಳಿದ. ಹೇಳಿದ ಹೊತ್ತಿಗಿಂತ ಸ್ವಲ್ಪ ತಡವಾದರೂ ನಾನು ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದೆ. ದೂರದಲ್ಲಿ ಎಡಕ್ಕೆ ವಾಲಿ ನಡೆದು ಬರುವುದು ಕಂಡ ಮೇಲೆ, ಕಾದಿದ್ದೆ ಎಂದು ಅವನಿಗೆ ಗೊತ್ತಾಗದ ಹಾಗೆ, ಬೇಗಬೇಗ ಮನೆಗೆ ಬಂದುಬಿಡುತ್ತಿದ್ದೆ.